ಚಾಪೆ, ಕುರ್ಚಿ, ಬೆಂಚು

"ಆ ಚಾಪೆ ಸುತ್ತಿಡಿ ಮೇಡಂ. ನಮ್ಮಮ್ಮ ಕುರ್ಚಿ ಮೇಲೆ ಕೂತೇ ಹೇಳಿಕೊಡ್ತಾಳೆ," ಎಂದಳು ಡ್ರಾಯಿಂಗ್ ಟೀಚರ್.

ಸ್ಮಾರ್ಟ್ ಬೋರ್ಡಿನ ಕೆಳಗೆ ಬಣ್ಣದ ಚಾಪೆ ಹಾಸಿಸಿ, ಫೋಟೋಗೆಂದು ಫೋನು ಹಿಡಿದು ನಿಂತಿದ್ದ ಹೆಡ್‌ಮೇಡಂಗೆ ಇದು ಹಿಡಿಸಲಿಲ್ಲ. "ಬುಟ್ಟಿ ಹೆಣೆಯೋರು ನೆಲದ ಮೇಲೆ ಕೂತ್ರೆ ಸಹಜವಾಗಿರುತ್ತೆ ಅಂತ, ಅಷ್ಟೇ. ಫೋಟೋನೂ ಚೆನ್ನಾಗಿ ಬರುತ್ತೆ."

"ಗಣಿತದ ಮೇಷ್ಟ್ರಿಗೂ ಚಾಪೆ ಹಾಸ್ತೀರಾ?"

ಹೆಡ್‌ಮೇಡಂ ಚಾಪೆಯನ್ನು ಬೂಟಿನ ತುದಿಯಿಂದ ಮೂಲೆಗೆ ತಳ್ಳಿದರು.

ಟೀಚರ್ ತನ್ನ ಕುರ್ಚಿಯನ್ನೇ ಅಂಗೈಯಿಂದ ಒರೆಸಿ ಅಮ್ಮನನ್ನು ಕೂರಿಸಿದಳು. ಅಮ್ಮ ಚಿಕ್ಕವಳಿದ್ದಾಗ ಬುಟ್ಟಿ ತಂದು ಹಾಕುತ್ತಿದ್ದದ್ದು ಇದೇ ಶಾಲೆಗೆ. ಬುಟ್ಟಿ ಒಳಗೆ ಹೋಗುತ್ತಿತ್ತು, ಹೆಣೆದವಳು ಹೊರಗೇ. ಅಲ್ಲೇ ನಿಲ್ಲು ಎನ್ನಲು ಯಾರೂ ಬಾಯಿ ತೆರೆಯಬೇಕಾಗಿರಲಿಲ್ಲ, ಹೊಸಿಲೇ ಹೇಳುತ್ತಿತ್ತು. ಕಿಟಕಿಯಿಂದ ಮಗ್ಗಿ ಕೇಳಿಸುತ್ತಿತ್ತು, ಅರ್ಧ ಕಲಿಯುವಷ್ಟರಲ್ಲಿ ಮನೆಗೆ ಹೊರಡಬೇಕಾಗುತ್ತಿತ್ತು. ಆ ಹೊಸಿಲನ್ನೇ ದಾಟಿಸಿ, ಎಲ್ಲರೆದುರು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಬೇಕೆಂಬುದು ಕೆಲಸಕ್ಕೆ ಸೇರಿದ ದಿನದಿಂದ ಮಗಳ ಹಟ. ಇವತ್ತು ಕೂರಿಸಿದಳು.

ಕೂರಿಸಿದಳು, ಆದರೆ ಬುಟ್ಟಿ ಏಳಲಿಲ್ಲ. ನೆನೆಸಿದ ಬಿದಿರಿನ ಸೀಳುಗಳನ್ನು ಅಮ್ಮ ಎದುರಿನ ಗಿಡ್ಡ ಮೇಜಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿದಳು. ಈ ಕಡೆ ಒತ್ತಿದರೆ ಆ ಕಡೆ ಸಿಡಿದೇಳುತ್ತಿತ್ತು. ಬುಟ್ಟಿಯ ತಳವನ್ನು ಒತ್ತಿ ಹಿಡಿಯುವುದು ಕೈಯ ಕೆಲಸವಲ್ಲ, ಕಾಲಿನದು. ಪಾದ ಹಿಡಿದರೆ ಮಾತ್ರ ಎರಡೂ ಕೈ ಹೆಣೆಯಲು ಬಿಡುವಾಗುತ್ತವೆ. ಅದಕ್ಕೆ ನೆಲ ಬೇಕು. ಒಂದು ಸೀಳು ಹಾರಿ ಮುಂದಿನ ಬೆಂಚಿನ ಹುಡುಗಿಯ ಮಡಿಲಿಗೆ ಬಿತ್ತು. ತರಗತಿ ಕಿಸಕ್ಕೆಂದಿತು. ಹೆಡ್‌ಮೇಡಂ ಚಾಪೆಯ ಕಡೆ ನೋಡಿದರು.

ಮಗಳು ಬಗ್ಗಿ ಅಮ್ಮನ ಕಿವಿಯ ಹತ್ತಿರ ಕೇಳಿದಳು: "ಕೆಳಗೆ ಕೂತ್ಕೊತೀಯೇನಮ್ಮ?"

"ನೀನು ಜಗಳ ಆಡಿ ಕೊಡಿಸಿದ ಕುರ್ಚಿ ಕಣೇ, ಬಿಡ್ತೀನಾ?" ಎಂದಳು ಅಮ್ಮ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, ಎರಡೂ ಪಾದ ಎತ್ತಿ ಆ ಗಿಡ್ಡ ಮೇಜಿನ ಮೇಲಿಟ್ಟಳು. ಬಿದಿರು ಪಾದದಡಿ ತೆಪ್ಪಗಾಯಿತು.

"ಏನಮ್ಮ ಇದು, ಪುಸ್ತಕ ಇಡೋ ಮೇಜು," ಎಂದರು ಹೆಡ್‌ಮೇಡಂ.

"ಕಾಲು ತೊಳ್ಕೊಂಡೇ ಬಂದಿದೀನಿ ತಾಯಿ. ನಿಮ್ಮ ಬೂಟಿಗಿಂತ ಚೊಕ್ಕಟವಾಗಿದೆ."

ಫೋನು ಕೆಳಗಿಳಿಯಿತು. ಮಕ್ಕಳು ಬೆಂಚು ಬಿಟ್ಟು ಮೇಜಿಗೆ ಮುತ್ತಿಕೊಂಡರು. ಅವರು ಕೈಯನ್ನು ನೋಡಲಿಲ್ಲ, ಪಾದವನ್ನೇ ನೋಡಿದರು. ಬಿರುಕು ಬಿಟ್ಟ ಹಿಮ್ಮಡಿ. ಪಕ್ಕದ ಬೆರಳಿನಿಂದ ದೂರ ಸರಿದು, ಬಿದಿರನ್ನು ಕಚ್ಚಿ ಹಿಡಿದಿದ್ದ ಹೆಬ್ಬೆರಳು.

"ಅಜ್ಜಿ, ನಿಮ್ಮ ಹೆಬ್ಬೆರಳು ಬೇರೆ ಬೆರಳಿನ ಜೊತೆ ಠೂ ಬಿಟ್ಟಿದೆಯಾ?" ಮಡಿಲಿಗೆ ಸೀಳು ಬಿದ್ದಿದ್ದ ಹುಡುಗಿ ಕೇಳಿದಳು.

"ಹೂಂ, ಬಹಳ ಹಳೇ ಜಗಳ. ನೀನೂ ಬೂಟು ಬಿಚ್ಚು, ನಿನ್ನದಕ್ಕೂ ಕಲಿಸ್ತೀನಿ."

ಬೂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಗಂಟೆ ಹೊಡೆದಾಗ ನೆಲದ ತುಂಬ ಬರಿಗಾಲುಗಳು, ಅವುಗಳ ಕೆಳಗೆ ಸೊಟ್ಟಸೊಟ್ಟ ತಳಗಳು. ಹೆಡ್‌ಮೇಡಂ ಯಾವಾಗ ಹೋದರೋ ಯಾರೂ ಗಮನಿಸಿರಲಿಲ್ಲ.

ಮಕ್ಕಳು ಊಟಕ್ಕೆ ಓಡಿದ ಮೇಲೆ ಕೋಣೆಯಲ್ಲಿ ಒದ್ದೆ ಬಿದಿರಿನ ವಾಸನೆ ಉಳಿಯಿತು. ಮಗಳಿಗೆ ಇನ್ನೂ ಗೆದ್ದ ಬಿಸಿ ಇಳಿದಿರಲಿಲ್ಲ. "ಹೇಗಿತ್ತಮ್ಮ, ನನ್ನ ಕುರ್ಚಿ?"

"ಚೆನ್ನಾಗಿತ್ತು. ಆದ್ರೆ ಕುರ್ಚಿಯ ಆಸೆ ನಿಂದು ಕಣೇ." ಅಮ್ಮ ಎದ್ದು ಬೆಂಚುಗಳ ನಡುವೆ ನಡೆದಳು. ಕಿಟಕಿಯ ಪಕ್ಕದ ಬೆಂಚಿನ ಹತ್ತಿರ ನಿಂತು, ಹೊರಗೆ ಒಮ್ಮೆ ನೋಡಿದಳು. "ಅಲ್ಲಿ ನಿಂತ್ಕೊಂಡು ನಾನು ನೋಡ್ತಿದ್ದದ್ದು ಇದನ್ನ."

ಪಕ್ಕಕ್ಕೆ ತಿರುಗಿ, ಮೈ ಕಿರಿದು ಮಾಡಿಕೊಂಡು ಬೆಂಚಿನೊಳಗೆ ತೂರಿ ಕೂತಳು. ಕೈಕಟ್ಟಿದಳು. ದೊಡ್ಡ ಮಕ್ಕಳ ಬೆಂಚು, ಅಮ್ಮ ಕುಳ್ಳಿ; ಬದುಕಿಡೀ ನೆಲವನ್ನು ಒತ್ತಿ ಹಿಡಿದಿದ್ದ ಆ ಪಾದಗಳು ನೆಲಕ್ಕೆ ತಾಗದೆ ತೂಗಾಡುತ್ತಿದ್ದವು.

"ಹೂಂ, ಶುರು ಮಾಡು."

"ಏನಮ್ಮ ಶುರು ಮಾಡ್ಲಿ?"

"ಅವರಿಗೆಲ್ಲ ಏನು ಹೇಳಿಕೊಡ್ತೀಯೋ ಅದನ್ನೇ. ತಪ್ಪಾದ್ರೆ ಬಯ್ಯಿ. ಹೊರಗೆ ಮಾತ್ರ ನಿಲ್ಲಿಸಬೇಡ."