ಮೂರನೇ ಕಾಲಂ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಲಿಫ್ಟ್ ಮೆಕ್ಯಾನಿಕ್ ತನ್ನ ಜೀವನಚರಿತ್ರೆಯನ್ನು ಬರೆದು ಮುಗಿಸಿದ. ಒಟ್ಟು ಹದಿನಾಲ್ಕು ಸಾಲು.

ಅವತ್ತು ಅವನ ಕೆಲಸದ ಕೊನೆಯ ದಿನ. ನಿವೃತ್ತರಾಗುವವರು ತಮ್ಮ ಸಾಧನೆಗಳನ್ನು ತಾವೇ ಒಂದು ಪುಟದಲ್ಲಿ ಬರೆದುಕೊಡಬೇಕು. ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಅದನ್ನು ಎಲ್ಲರೆದುರು ಓದಿ, ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕುತ್ತಾರೆ. ಗೋಡೆಯ ಮೇಲೆ ಆಗಲೇ ಹನ್ನೊಂದು ಹಾಳೆಗಳಿದ್ದವು. ಸ್ಟೋರ್‌ಕೀಪರಂತೂ ಮೂರನೇ ತರಗತಿಯಲ್ಲಿ ಗೋಣಿಚೀಲದ ಓಟ ಗೆದ್ದದ್ದನ್ನೂ ಬಿಟ್ಟಿರಲಿಲ್ಲ. ಹದಿನೈದು ದಿನದಿಂದ ಮೆಕ್ಯಾನಿಕ್‌ಗೆ ಆ ಗೋಡೆಯದೇ ಚಿಂತೆ. ಹಾಳೆ ಮಧ್ಯಾಹ್ನ ಹನ್ನೆರಡರೊಳಗೆ ಆಫೀಸು ಸೇರಬೇಕಿತ್ತು.

ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಹಾಳೆ ತೆಗೆದುಕೊಂಡಳು. "ಹುಟ್ಟಿದ್ದು: ಡಾಕ್ಟರ್ ಹೇಳಿದ ದಿನಕ್ಕಿಂತ ಹನ್ನೊಂದು ದಿನ ತಡ. ಏಳನೇ ತರಗತಿ: ಗಣಿತದಲ್ಲಿ ಫೇಲ್. ಹತ್ತೊಂಬತ್ತನೇ ವಯಸ್ಸು: ಸೋದರಮಾವನ ಸೈಕಲ್ ಚರಂಡಿಗೆ, ಹ್ಯಾಂಡಲ್ ಸೊಟ್ಟ. ಮದುವೆ: ಎರಡು ಗಂಟೆ ನಲವತ್ತು ನಿಮಿಷ ತಡವಾಗಿ ಹಾಜರು..."

ಸೂಜಿ ತೆಗೆದು ಅಂಗಿಗೆ ಚುಚ್ಚಿದಳು. "ಏನ್ರೀ ಇದು? ಸಾಧನೆ ಬರೀರಿ ಅಂದ್ರೆ ಚಾರ್ಜ್‌ಶೀಟ್ ಬರ್ದಿದೀರಲ್ಲ!"

"ಒಂದಾದ್ರೂ ಸುಳ್ಳಿದೆಯಾ ಹೇಳು. ತಾರೀಕೆಲ್ಲಾ ನೋಡಿ ಹಾಕಿದೀನಿ."

"ಒಳ್ಳೇದು ಅಂತ ಒಂದೂ ಆಗ್ಲಿಲ್ವಾ ಈ ಜನ್ಮದಲ್ಲಿ?"

"ಸರಿಯಾಗಿ ಓಡ್ತಿರೋ ಲಿಫ್ಟ್ ಬಗ್ಗೆ ಬುಕ್ಕಲ್ಲಿ ಯಾರೂ ಬರೆಯಲ್ಲ ಕಣೇ."

ಬುಕ್ಕು ಎಂದರೆ ಪ್ರತಿ ಕಟ್ಟಡದ ಮೋಟಾರ್ ಕೋಣೆಯಲ್ಲೂ ದಾರಕ್ಕೆ ನೇತಾಡುವ ರಿಪೇರಿ ಪುಸ್ತಕ. ಅದರಲ್ಲಿ ನಾಲ್ಕು ಕಾಲಂ: ದಿನಾಂಕ, ದೋಷ, ಪರಿಹಾರ, ಸಹಿ. ಮೂವತ್ತಾರು ವರ್ಷದಲ್ಲಿ ಅವನು ಪೆನ್ನು ಹಿಡಿದು ಬರೆದದ್ದು ಅದೊಂದನ್ನೇ.

ಹೆಂಡತಿಗೆ ಆ ಪುಸ್ತಕ ಗೊತ್ತಿತ್ತು. "ದೋಷ ಅಷ್ಟೇ ಬರೆದು ಹಾಗೇ ಎದ್ದು ಬಂದಿದೀರಾ ಯಾವತ್ತಾದ್ರೂ?"

"ಛೆ! ಪರಿಹಾರ ಬರೀದೆ ಸಹಿ ಹಾಕೋ ಹಾಗೇ ಇಲ್ಲ."

"ಮತ್ತೆ ಇಲ್ಲಿ ಎಲ್ಲಿ ಹೋಯ್ತು ಪರಿಹಾರ?"

ಮೆಕ್ಯಾನಿಕ್ ಪೆನ್ನಿನ ಮುಚ್ಚಳ ತೆಗೆದ. ಹೆಂಡತಿ ಆಗಲೇ ಅಡಿಪಟ್ಟಿ ಇಟ್ಟು ಹಾಳೆಯ ಬಲಗಡೆ ಎರಡು ಗೆರೆ ಎಳೆದಾಗಿತ್ತು.

ಗಣಿತದ ಮುಂದೆ ಅವನು ಬರೆದ: ಮರುವರ್ಷ ಎಪ್ಪತ್ತೊಂದು ಅಂಕ. ಸೈಕಲ್ ಮುಂದೆ: ಅದೇ ಸಂಜೆ ಹ್ಯಾಂಡಲ್ ನೆಟ್ಟಗೆ ಮಾಡಿದ್ದನ್ನು ನೋಡಿ ಕಂಪನಿಯ ಹಿರಿಯ ಮೆಕ್ಯಾನಿಕ್ ಕೆಲಸಕ್ಕೆ ಕರೆದರು. ಮದುವೆಯ ಮುಂದೆ: ಆರನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದ ಅಜ್ಜಿಯನ್ನು ಹೊರಗೆ ತೆಗೆಯಲಾಯಿತು.

"ಆ ಅಜ್ಜಿ ನಿಮ್ಮ ಜೊತೇಲೇ ಮದುವೆಗೆ ಬಂದು ಮುಂದಿನ ಸಾಲಲ್ಲಿ ಕೂತು, 'ಹುಡುಗನ ತಪ್ಪಿಲ್ಲ, ತಪ್ಪೆಲ್ಲ ನಂದು' ಅಂತ ಬಂದೋರಿಗೆಲ್ಲಾ ಹೇಳಿದ್ರಲ್ಲ. ಅದನ್ನೂ ಸೇರಿಸಿ."

ಏಳನೇ ಸಾಲು: ಬಲಗೈ ಮುರಿತ, ಏಳು ವಾರ. ಪರಿಹಾರ: ಗುಂಡಿ ಹಾಕಿದ್ದು, ಲೇಸ್ ಕಟ್ಟಿದ್ದು, ಗಡ್ಡ ಬೋಳಿಸಿದ್ದು ಹೆಂಡತಿ. ಬರೆದು ಪೆನ್ನನ್ನು ಅವಳತ್ತ ಚಾಚಿದ. "ರಿಪೇರಿ ಮಾಡಿದವರೇ ಸಹಿ ಹಾಕ್ಬೇಕು. ರೂಲ್ಸು."

"ಎರಡು ಕಡೆ ಗಲ್ಲ ಕುಯ್ದಿದ್ದೆ, ಅದಕ್ಕೂ ಹಾಕ್ಲಾ?" ಎನ್ನುತ್ತಲೇ ಅವಳು ಸಹಿ ಮಾಡಿದಳು. ಮುಂದೆ ಇನ್ನೂ ನಾಲ್ಕು ಕಡೆ ಪೆನ್ನು ಅವಳ ಕೈಗೆ ಬಂತು.

ಹನ್ನೊಂದನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ಮಗಳ ಮೊದಲ ನಾಟಕ, ಶನಿವಾರ: ಹೋಗಲಾಗಲಿಲ್ಲ.

"ಇದಕ್ಕೆ ಪರಿಹಾರ ಇಲ್ಲ" ಎಂದ. "ಅವತ್ತು ಬಾಗಿಲಲ್ಲಿ ನಿಂತು ಎಷ್ಟು ಕಾದ್ಲೋ ಏನೋ. ನಾನೇನೂ ಮಾಡ್ಲಿಲ್ಲ. ಖಾಲಿ ಇರ್ಲಿ." ಗೋಡೆಯ ಚಿಂತೆಗಿಂತ ಇದು ಹಳೆಯದು, ದನಿ ಇಳಿದುಹೋಗಿತ್ತು.

ಹೆಂಡತಿ ಮಗಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವನ ಮಾತನ್ನು ಹಾಗೇ ಒಪ್ಪಿಸಿದಳು.

"ಏನೂ ಮಾಡ್ಲಿಲ್ವಾ?" ಮಗಳ ನಗು ಕೋಣೆ ತುಂಬಿತು. "ಅಪ್ಪಾ, ಮಾರನೇ ದಿನ ನನ್ನ ಯಾವ್ದೋ ಕಟ್ಟಡದ ಮೋಟಾರ್ ಕೋಣೆಗೆ ಕರ್ಕೊಂಡು ಹೋಗಿ, ಪೂರ್ತಿ ನಾಟಕ ಆಡ್ಸಿದ್ಯಲ್ಲ! ರಾಜ, ರಾಣಿ, ಕುದುರೆ ಎಲ್ಲಾ ನಾನೇ. ನೀನು ಟೂಲ್‌ಬಾಕ್ಸ್ ಮೇಲೆ ಕೂತು ಚಪ್ಪಾಳೆ ಹೊಡೆದ ರಭಸಕ್ಕೆ ಕೈಲಿದ್ದ ಗ್ರೀಸೆಲ್ಲಾ ನನ್ನ ಕಿರೀಟಕ್ಕೆ."

"ಮಾರನೇ ದಿನ ಅಂದ್ರೆ ಭಾನುವಾರ. ಭಾನುವಾರ ನಂಗೆ ಡ್ಯೂಟಿ ಇರ್ಲಿಲ್ವಲ್ಲ?"

"ಡ್ಯೂಟಿ ಇರ್ಲಿಲ್ಲ. ಅದಕ್ಕೇ ಹೋಗಿದ್ದು. ಆ ಕಿರೀಟ ಈಗ್ಲೂ ನನ್ನ ಬೀರೂಲಿದೆ, ಗ್ರೀಸ್ ಸಮೇತ. ಫೋಟೋ ಕಳಿಸ್ಲಾ?"

"ಕಳಿಸು" ಎಂದ ಮೆಕ್ಯಾನಿಕ್. ಫೋಟೋ ಬಂತು. ದೊಡ್ಡದು ಮಾಡಿ, ಕಲೆಯನ್ನು ಎರಡು ಸಲ ನೋಡಿದ. ಆಮೇಲೆ ಬರೆದ: ಭಾನುವಾರ, ಮರುಪ್ರದರ್ಶನ, ಪ್ರೇಕ್ಷಕ ಒಬ್ಬ. ಈ ಸಾಲಿನ ಸಹಿ ಉಳಿದವಕ್ಕಿಂತ ದಪ್ಪ ಬಿತ್ತು.

ಉಳಿದದ್ದು ಹದಿನಾಲ್ಕನೆಯದು: ಎಡ ಮಂಡಿ ನೋವು, ಆರು ವರ್ಷದಿಂದ. ಲಿಫ್ಟ್ ಕೆಟ್ಟಾಗಲೇ ಕರೆ ಬರುವುದರಿಂದ ಮೂವತ್ತಾರು ವರ್ಷವೂ ಅವನು ಹತ್ತಿ ಇಳಿದದ್ದು ಮೆಟ್ಟಿಲನ್ನೇ; ಕೊನೆಗೆ ಲಿಫ್ಟ್ ಸರಿಯಿದ್ದರೂ ಕಾಲು ಮೆಟ್ಟಿಲ ದಾರಿಯನ್ನೇ ಹಿಡಿಯುತ್ತಿತ್ತು.

"ಇದಕ್ಕೆ?" ಎಂದಳು ಹೆಂಡತಿ.

"ಕೆಲಸ ಬಾಕಿ ಅಂತ ಬರಿ. ಹನ್ನೊಂದೂಮುಕ್ಕಾಲು ಆಯ್ತು."

ಹಾಳೆ ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಆಫೀಸು ಸೇರಿತು. ನಾಲ್ಕಕ್ಕೆ ಮ್ಯಾನೇಜರ್ ಓದಿದರು. ಅಜ್ಜಿಯ ಸಾಲನ್ನು ಎರಡು ಸಲ ಓದಬೇಕಾಯಿತು. ಸಹಿಗಳು: ಮೆಕ್ಯಾನಿಕ್‌ನದು ಎಂಟು, ಹೆಂಡತಿಯದು ಐದು, ಖಾಲಿ ಒಂದು. ಐದೂವರೆಗೆ ಗಂಡ ಹೆಂಡತಿ ನಾಲ್ಕನೇ ಮಹಡಿಯ ಆಫೀಸಿನಿಂದ ಲಿಫ್ಟ್‌ನಲ್ಲಿ ಕೆಳಗಿಳಿದರು.