ದುಂಡು ತಟ್ಟೆ

ಸೂಪರ್‌ಕಂಡಕ್ಟರ್ ಫಿಲ್ಮೊಂದನ್ನು ಎರಡು ತುಂಡು ಮಾಡಿ, ಒಂದಕ್ಕೆ ಪ್ರೋಟಾನ್ ವಿಕಿರಣ ಹಾಯಿಸಿದ್ದರು. ತೇವಕ್ಕೆ ಕೆಡುವ ಜಾತಿಯದಾದರೂ ಇನ್ನೊಂದು ಮಳೆಗಾಲವೆಲ್ಲ ತೇವದ ಡ್ರಾಯರಿನಲ್ಲಿ ಬಿದ್ದಿತ್ತು. ವಿಕಿರಣದ ಪೆಟ್ಟು ಹದವಾಗಿ ಬಿದ್ದರೆ ಫಿಲ್ಮು ಹೆಚ್ಚು ಕರೆಂಟ್ ಒಯ್ಯುತ್ತದೆ ಎಂಬುದೇ ಮಂದಾಕಿನಿಯ ಪಿಎಚ್‌ಡಿ. ವೈರು ಅಂಟಿಸಲು ಎರಡನ್ನೂ ಒಂದು ದುಂಡು ತಟ್ಟೆಯಲ್ಲಿಟ್ಟಿದ್ದಳು. ವಿಕಿರಣ ತಿಂದದ್ದು ಎಡಕ್ಕೆ, ತಿನ್ನದ್ದು ಬಲಕ್ಕೆ.

ತಟ್ಟೆಯನ್ನು ಅತ್ತಿತ್ತ ತಿರುಗಿಸುತ್ತ ವೈರು ಅಂಟಿಸಿ ಅಳೆದು ನೋಡಿದರೆ, ದ್ರವ ಸಾರಜನಕದಲ್ಲಿ ಮುಳುಗಿಸಿ ತಣ್ಣಗಾಗಿಸಿದರೂ ಎಡಗಡೆಯದು ಕರೆಂಟ್ ಒಯ್ಯದೆ ಸತ್ತ ಹಾಗಿತ್ತು.

"ಡೋಸ್ ಜಾಸ್ತಿ ಆಯ್ತು ಸರ್. ಸುಟ್ಟೇ ಹಾಕ್ಬಿಟ್ಟೆ."

"ಇನ್ನೊಂದು?" ಗೈಡ್ ಕೇಳಿದರು.

"ಅದು ಮೊದಲಿಗಿಂತ ಜಾಸ್ತಿ ಕರೆಂಟ್ ಒಯ್ತಿದೆ. ಹಾಳಾದ್ ಮೀಟರೂ ನನ್ನ ಅಣಕಿಸ್ತಿದೆ."

"ಮತ್ತೆ ಪ್ರೋಟಾನ್ ಬೀಮ್ ಯಾವಾಗ ಸಿಗುತ್ತೆ?"

"ಸಿಗಲ್ಲ ಸರ್. ಈ ತಿಂಗಳಿಗೆ ಫೆಲೋಶಿಪ್ ಮುಗೀತು. ನಾನೂ ಮುಗಿದೆ."

ಅವಳು ಸತ್ತ ತುಂಡನ್ನು ಬಿಸಾಡಲು ಹೊರಟಳು.

"ತಡಿಯಮ್ಮ, ಗೈಗರ್ ಕೌಂಟರ್ ಹಿಡಿದು ನೋಡು. ವಿಕಿರಣ ತಿಂದದ್ದು ಇನ್ನೂ ಟಿಕ್ ಟಿಕ್ ಅನ್ನುತ್ತೆ. ಮಾಮೂಲಿ ಕಸಕ್ಕೆ ಹಾಕ್ಬಾರ್ದು."

ಕಣ್ಣೊರೆಸಿಕೊಂಡು ಹಿಡಿದಳು. ಸದ್ದೇ ಇಲ್ಲ. ಇದೂ ಕೆಟ್ಟಿತೇ ಎಂದು ಕೌಂಟರನ್ನು ತಟ್ಟುತ್ತ ಪಕ್ಕಕ್ಕೆ ಸರಿಸಿದಳು.

ಬಲಗಡೆಯ ತುಂಡಿನ ಮೇಲೆ ಅದು ಟಿಕ್ ಟಿಕ್ ಎಂದು ಬಡಿದುಕೊಳ್ಳತೊಡಗಿತು.