ಉಜ್ಜಬಾರದ ತುಕ್ಕು

ತಾಮ್ರದ ಚೊಂಬಿಗೆ ಹುಣಸೆಹಣ್ಣು ಉಜ್ಜುವಾಗಿನ ಹುಳಿ ವಾಸನೆಗೆ ಇವತ್ತಿಗೂ ನನಗೆ ನಮ್ಮೂರು ಹನಗೋಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಪ್ಪ ಬರ್ಮಾ ಯುದ್ಧದಿಂದ ತಂದಿದ್ದ ಜಪಾನಿ ಸೇನಾಧಿಕಾರಿಯ ಕತ್ತಿಯನ್ನು ಮಾರಲು ದೊಡ್ಡಪ್ಪ ಮೈಸೂರಿನ ಹಳೇ ಸಾಮಾನಿನ ವ್ಯಾಪಾರಿಯನ್ನು ಕರೆತಂದಿದ್ದರು. ಅವ್ವನನ್ನು ಒಂದು ಮಾತೂ ಕೇಳಿರಲಿಲ್ಲ.

ವ್ಯಾಪಾರಿ ಅಲಗನ್ನು ಬಿಸಿಲಿಗೆ ಹಿಡಿದು ಮುಖ ಸಿಂಡರಿಸಿದ. "ಬರೀ ಗೀರು. ಏನ್ರಮ್ಮ ಮಾಡಿದ್ರಿ ಇದಕ್ಕೆ?"

"ವರ್ಷಾ ವರ್ಷಾ ಆಯುಧಪೂಜೆಗೆ ಹುಣಸೆಹಣ್ಣು, ಇಟ್ಟಿಗೆಪುಡಿ ಆಕಿ ಉಜ್ತೀನಿ" ಎಂದಳು ಅವ್ವ.

ಅವನು ಬಿದಿರಿನ ಮೊಳೆ ಕಿತ್ತು ಹಿಡಿಯನ್ನು ಬಿಚ್ಚಿದ. ಒಳಗಿದ್ದ ಕಬ್ಬಿಣ ತುಕ್ಕು ಹಿಡಿದು ಕಪ್ಪಗಿತ್ತು. ಅವನ ಮುಖ ಅರಳಿತು. "ಆ ಅಧಿಕಾರಿಯ ಮುತ್ತಾತಂದಿರ ಕಾಲದ ಕತ್ತಿ, ಈ ನೂರಾರು ವರ್ಷದ ತುಕ್ಕೇ ಅದಕ್ಕೆ ಸಾಕ್ಷಿ. ಇನ್ನು ಬೆಲೆ ಇರೋದು ಇದೊಂದಕ್ಕೇ. ಇದನ್ನ ಮಾತ್ರ ಉಜ್ಜಬೇಡಿ."

"ಸರಿ, ತಗೊಂಡೋಗಿ ಬುಡಿ" ಎಂದರು ದೊಡ್ಡಪ್ಪ.

ಅವ್ವ ಒಳಗೆ ಹೋಗಿ ನೆನೆಸಿದ ಹುಣಸೆಹಣ್ಣು ತಂದಳು. ಅವನ ಕೈಯಿಂದ ಕತ್ತಿ ಕಿತ್ತುಕೊಂಡು, ತೊಡೆಯ ಮೇಲೆ ಅಡ್ಡ ಇಟ್ಟು, ಆ ತುಕ್ಕನ್ನೇ ಉಜ್ಜತೊಡಗಿದಳು.

"ಏಯ್, ತಲೆ ಕೆಟ್ಟದಾ ನಿಂಗೆ?" ದೊಡ್ಡಪ್ಪ ಕೂಗಿದರು.

ಅವ್ವ ತಲೆಯೆತ್ತಲಿಲ್ಲ. ನನಗೆ ಹೇಳಿದಳು: "ಒಂದು ಹಿಡಿ ಇಟ್ಟಿಗೆಪುಡಿ ತಕ್ಕೊಂಡ್ ಬಾ ಕಣವ್ವ."

ನಾನು ಎರಡು ಹಿಡಿ ತಂದೆ.